20 ಕೆಜಿ ಮರಳು

2024ರ ಫೆಬ್ರವರಿಯ ಒಂದು ಭಾನುವಾರ. ಬೆಳಗಾವಿ ಹತ್ತಿರದ ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನಾನು ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆ. ಸುಣ್ಣದ ಗೆರೆಯ ಸುತ್ತ ನಾಲ್ಕು ಸುತ್ತು ಓಡಿದರೆ 1600 ಮೀಟರ್. ಮೊದಲು ಬಂದ ಹುಡುಗಿ ಗೆರೆ ದಾಟಿದಾಗ 7 ನಿಮಿಷ 12 ಸೆಕೆಂಡ್.

"ಎಕ್ಸಲೆಂಟ್!" ಅಂತ ಕೂಗಿದೆ. ಮಿಲಿಟರಿ ಭರ್ತಿಗೆ ಓಡುವ ಮಕ್ಕಳ ಬಾಯಲ್ಲಿ ಅದು ಮೊದಲ ಗುಂಪಿನ ಹೆಸರು. ಸೇನೆಯ ಮಿಲಿಟರಿ ಪೊಲೀಸ್‌ಗೆ ಸೇರುವ ಹುಡುಗಿಯರು 7 ನಿಮಿಷ 30 ಸೆಕೆಂಡಿನೊಳಗೆ ಬಂದರೆ ಅದು ಸಿಗುತ್ತದೆ. ಉಳಿದ ಮೂವರು ಅವಳನ್ನು ತಬ್ಬಿಕೊಂಡರು. ಪಕ್ಕದಲ್ಲಿ ಲೇಸ್ ಕಟ್ಟುತ್ತಿದ್ದ ಹುಡುಗನೊಬ್ಬ, "ನಮಗಾದ್ರ ಇದು ಫೇಲ್ ಟೈಮ್ ರೀ" ಅಂದ. ಅವನು ಅಣಕಿಸಿದ್ದಲ್ಲ, ಇದ್ದದ್ದನ್ನೇ ಹೇಳಿದ. ಹುಡುಗರಿಗೆ ಆಗ ಎಕ್ಸಲೆಂಟ್ ಅಂದರೆ 5 ನಿಮಿಷ 30 ಸೆಕೆಂಡ್. 5:45 ದಾಟಿದರೆ ಸೀದಾ ಮನೆಗೆ.

ಅವಳ ಮುಖ ಬಾಡಿತು. "ಮೇಡಂ, ನಮಗ್ಯಾಕ ಎರಡ ನಿಮಿಷ ಜಾಸ್ತಿ ಕೊಟ್ಟಾರ?"

ಹಿಮೋಗ್ಲೋಬಿನ್, ಸ್ನಾಯು, ಎಲುಬು ಗಂಡು ಹೆಣ್ಣಿಗೆ ಬೇರೆ ಬೇರೆ ಅಂತ ನಾನು ಓದಿದ್ದನ್ನೆಲ್ಲ ಹೇಳಿದೆ. ಅದೇನೂ ಸುಳ್ಳಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ. ಈ ಹುಡುಗಿಗೆ ಬೇಕಿರೋದು ಇನ್‌ಫೆಂಟ್ರಿ, ಅಂದರೆ ಕಾಲಾಳು ಪಡೆ. ಚಿಕ್ಕಂದಿನಿಂದ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಿನ ಗೋಡೆ ನೋಡುತ್ತಾ ಬಸ್ಸಿನಲ್ಲಿ ಹೋಗಿ ಬಂದವಳು. 2021ರ ಮೇ 8ರಂದು ಬೆಂಗಳೂರಿನಲ್ಲಿ 83 ಹುಡುಗಿಯರು ಮಿಲಿಟರಿ ಪೊಲೀಸ್‌ನ ಮೊದಲ ತಂಡವಾಗಿ ಸೇನೆ ಸೇರಿದರಲ್ಲ, ಆ ಫೋಟೋ ಅವಳ ಫೋನಿನಲ್ಲಿದೆ. 2023ರಲ್ಲಿ ತೋಪುಪಡೆಗೂ ಮಹಿಳಾ ಅಧಿಕಾರಿಗಳು ಬಂದರು. ಇನ್‌ಫೆಂಟ್ರಿಯ ಬಾಗಿಲು ಮಾತ್ರ ನಮ್ಮಲ್ಲಿ ಹೆಂಗಸರಿಗೆ ತೆರೆದಿಲ್ಲ.

ನನ್ನ ಅಪ್ಪ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿದ್ದವರು. ಭಾನುವಾರ ಮೈದಾನಕ್ಕೆ ಬಂದು ಕಟ್ಟೆ ಮೇಲೆ ಕೂರುತ್ತಾರೆ. ಅವತ್ತು ಈ ಮಾತು ಕೇಳಿಸಿಕೊಂಡು ಸುಮ್ನೆ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ತಮ್ಮ ಹಳೆಯ ಪಿಟ್ಟು ಹೆಗಲಿಗೆ ಹಾಕಿಕೊಂಡು ಬಂದರು. ಸೈನಿಕರು ಬೆನ್ನಿಗೆ ಕಟ್ಟುವ ಚೀಲ ಅದು. ಅದರ ಜೊತೆ ಇನ್ನೆರಡು ಶಾಲೆ ಬ್ಯಾಗು. ಗೊಬ್ಬರದ ಅಂಗಡಿಯ ತಕ್ಕಡಿಯಲ್ಲಿ ತೂಗಿ ಮೂರಕ್ಕೂ ತಲಾ 20 ಕೆಜಿ ಮರಳು ತುಂಬಿದ್ದರು. "ಕೆನಾಲ್ ತನಕ ಹೋಗಿ ಬರ್ರಿ. ಐದು ಕಿಲೋಮೀಟರ್. ಎಲ್ಲಾರಿಗೂ ಒಂದೇ ತೂಕ" ಅಂದರು.

ಮೂವರು ಮೂವರಾಗಿ ಹೊರಟರು. ನಾನು ಸೈಕಲ್ಲಿನಲ್ಲಿ ಹಿಂದೆ. ಉಳಿದ ಹುಡುಗಿಯರಲ್ಲಿ ಇಬ್ಬರು ಕೆನಾಲ್ ಮುಟ್ಟುವ ಮೊದಲೇ ಕೂತರು. ಹುಡುಗರಲ್ಲೂ ಒಬ್ಬ ಕೂತ, ಅದೂ 1600ರಲ್ಲಿ ಯಾವಾಗಲೂ ಮುಂದಿರುವವನು. ಹಗುರ ಮೈಯವನು ಪಾಪ, ಭಾರ ಬಿದ್ದ ಕೂಡಲೇ ಹೆಜ್ಜೆ ಕೆಟ್ಟಿತು. ನಮ್ಮ ಹುಡುಗಿಗೆ ಸಿಕ್ಕಿದ್ದು ಅಪ್ಪನ ಪಿಟ್ಟು. ಅಗಲ ಹೆಗಲಿಗೆ ಅಂತ ಹೊಲಿದ ಪಟ್ಟಿ ಅವಳ ಹೆಗಲಿಂದ ಜಾರಿ ಜಾರಿ ತೋಳಿಗೆ ಬರುತ್ತಿತ್ತು. ಎರಡೂ ಹೆಬ್ಬೆರಳು ಪಟ್ಟಿಯೊಳಗೆ ತೂರಿಸಿ, ಬಗ್ಗಿಕೊಂಡೇ ನಡೆದಳು. ಮೈದಾನ ಮುಟ್ಟಿದವರಲ್ಲಿ ಅವಳೇ ಎಲ್ಲರಿಗಿಂತ ಹಿಂದೆ, ಆದರೂ ಮುಟ್ಟಿದಳು. ಪಿಟ್ಟು ಇಳಿಸಿದಾಗ ಕತ್ತಿನ ಬುಡದಲ್ಲಿ ಬೆರಳಗಲದ ಚರ್ಮ ಕಿತ್ತು ನೀರಾಡುತ್ತಿತ್ತು.

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ದಪ್ಪ ಹುಡುಗನೊಬ್ಬನನ್ನು ನೆಲಕ್ಕೆ ಮಲಗಿಸಿ, "ಇವನಿಗೆ ಗುಂಡು ಬಿದ್ದದ. 50 ಹೆಜ್ಜೆ ಹೊತ್ತು ತಾ" ಅಂದರು. ಅವನ ತೂಕ 70 ಕೆಜಿ, ಅವಳದ್ದು 54. ಮೊದಲ ಸಲ ಎತ್ತಲಿಕ್ಕೇ ಆಗಲಿಲ್ಲ. ಎರಡನೇ ಸಲ ಇಬ್ಬರೂ ಬಿದ್ದರು. ಆಮೇಲೆ ಅಪ್ಪ ಪಕ್ಕದಲ್ಲಿ ಮಂಡಿಯೂರಿ ತೋರಿಸಿದರು. ಬೆನ್ನಿನಿಂದ ಎತ್ತಬಾರದು. ಒಂದು ಕೈ ಅವನ ತೊಡೆಯ ಸುತ್ತ ಹಾಕಿ, ಹೊಟ್ಟೆಯನ್ನು ಹೆಗಲಿಗೆ ತಂದುಕೊಂಡು, ಕಾಲಿನ ಬಲದಿಂದ ಏಳಬೇಕು. ಮೂರನೇ ಸಲ ಅವಳು ಎದ್ದಳು. ತೊಡೆ ಗಡಗಡ ನಡುಗುತ್ತಿತ್ತು. ನಾನು ಎಣಿಸಿದೆ, 22 ಹೆಜ್ಜೆ.

"ಇನ್ನೂ ಆಗಿಲ್ಲ" ಅಂದರು ಅಪ್ಪ. ನನಗೆ ಸಿಟ್ಟು ಬಂತು. ಅಷ್ಟು ಕಷ್ಟಪಟ್ಟ ಹುಡುಗಿಗೆ ಒಂದು ಶಹಬ್ಬಾಸ್ ಅನ್ನಬಾರದಾ? ಮನೆಗೆ ಬರುವಾಗ ಕೇಳಿಯೇ ಬಿಟ್ಟೆ. ಅವರು ಕಾಶ್ಮೀರದ ಒಂದು ರಾತ್ರಿಯ ಬಗ್ಗೆ ಹೇಳಿದರು. ತೊಡೆಗೆ ಗುಂಡು ತಗುಲಿದ ಜೊತೆಗಾರನನ್ನು ಹೊತ್ತು ಇಳಿಜಾರಿನಲ್ಲಿ ಇಳಿದದ್ದು. "ಯಾರು ಹೊರತಾರ ಅಂತ ನೋಡಿ ಅವನ ತೂಕ ಕಮ್ಮಿ ಆಗಂಗಿಲ್ಲವಾ. ನಾ ಶಹಬ್ಬಾಸ್ ಅಂದ್ರ 22 ಹೆಜ್ಜಿ ಸಾಕು ಅಂತ ತಿಳೀತಾಳ" ಅಂದರು.

ನಾನು ಅಲ್ಲಿಂದೀಚೆಗೆ ಅಪ್ಪನ ಕಡೆ. ಇನ್‌ಫೆಂಟ್ರಿಗೆ ಹೋಗೋದಾದರೆ ಅಳತೆ ಒಂದೇ ಇರಬೇಕು. ಅಮೆರಿಕದ ಕ್ರಿಸ್ಟನ್ ಗ್ರೀಸ್ಟ್ ಹೇಳಿದ್ದೂ ಇದನ್ನೇ. 2015ರಲ್ಲಿ ಅಲ್ಲಿನ ಸೇನೆಯ ಕಠಿಣ ರೇಂಜರ್ ತರಬೇತಿ ಮುಗಿಸಿದ ಮೊದಲ ಇಬ್ಬರು ಹೆಂಗಸರಲ್ಲಿ ಆಕೆ ಒಬ್ಬಳು, ಆ ಸೇನೆಯ ಮೊದಲ ಮಹಿಳಾ ಇನ್‌ಫೆಂಟ್ರಿ ಅಧಿಕಾರಿ. ಕಾದಾಡುವ ವಿಭಾಗದಲ್ಲಿ ಹೆಂಗಸರಿಗೆ ಅಳತೆ ಇಳಿಸಬೇಡಿ, ಅದರಿಂದ ಅವರಿಗೇ ನಷ್ಟ ಅಂತ 2021ರಲ್ಲಿ ಬರೆದಳು. 2025ರಲ್ಲಿ ಅಲ್ಲಿನ ಸೇನೆ ಕಾದಾಡುವ ಹುದ್ದೆಗಳ ಫಿಟ್‌ನೆಸ್ ಪರೀಕ್ಷೆಯಲ್ಲಿ ಗಂಡು ಹೆಣ್ಣಿಗೆ ಒಂದೇ ಅಂಕದ ಪಟ್ಟಿ ತಂದಿತು.

ಆದರೆ ಒಂದೇ ಅಳತೆ ಅನ್ನುವವರು ಉಳಿದದ್ದನ್ನೂ ಒಂದೇ ಮಾಡಬೇಕು. ನಮ್ಮ ಹುಡುಗರು ಎಂಟನೇ ಕ್ಲಾಸಿನಿಂದ ಮೈದಾನದಲ್ಲಿರುತ್ತಾರೆ. ಈ ಹುಡುಗಿ ಓಡಲಿಕ್ಕೆ ಶುರು ಮಾಡಿ ಆಗ ಹನ್ನೊಂದು ತಿಂಗಳು. ಅದೂ ಮುಟ್ಟಿನ ದಿನ ಮನೆಯಲ್ಲಿ ಬಿಡಲ್ಲ, ಕತ್ತಲಿದ್ದರೆ ಬಿಡಲ್ಲ. ಮೊಟ್ಟೆ ಅಣ್ಣನ ತಟ್ಟೆಗೆ. ಹೀಗಿರುವಾಗ ಅವಳ ಕೈಯಲ್ಲಿ ಆಗಲ್ಲ ಅಂತ ಈಗಲೇ ಹೇಳಲಿಕ್ಕೆ ಯಾರಿಗೂ ಹಕ್ಕಿಲ್ಲ. ಆಗುತ್ತದೆ ಅಂತ ನಾನೂ ಸುಮ್ಮನೆ ಮಾತು ಕೊಡಲ್ಲ. ನಾಲ್ಕು ವರ್ಷ ಸರಿಯಾಗಿ ಭಾರ ಎತ್ತಿಸಿ, ಹೊಟ್ಟೆ ತುಂಬ ಊಟ ಹಾಕಿ, ಆಮೇಲೆ ತೂಗಿ ನೋಡಲಿ.

ಮುಂದಿನ ಭಾನುವಾರ ಅವಳು ಎಲ್ಲರಿಗಿಂತ ಮೊದಲೇ ಬಂದಿದ್ದಳು. ಪಿಟ್ಟನ್ನು ಅವತ್ತೇ ಕೇಳಿ ಮನೆಗೆ ಒಯ್ದಿದ್ದಳು. ಅದರ ಪಟ್ಟಿಗಳಿಗೆ ಹಳೇ ಸೀರೆಯ ಮಡಿಕೆ ಇಟ್ಟು ದಪ್ಪಗೆ ಹೊಲಿದಿತ್ತು. ನೀರಿನ ಕೊಡ ಹೊರುವಾಗ ತಲೆ ಮೇಲೆ ಇಡುವ ಸಿಂಬಿಯ ಹಾಗೆ, ಬಿಗಿಯಾಗಿ. "ಅವ್ವ ಹೊಲದಾಳ್ರೀ" ಅಂದಳು. ಅಪ್ಪ ಅದನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. ಆಮೇಲೆ ಏನೂ ಹೇಳದೆ ಮರಳಿನ ಚೀಲದ ಕಡೆ ನಡೆದರು.