ಹಾಸನದ ಕಲ್ಲಿನ ಪೆಟ್ಟಿಗೆ: ಕೆಲಸ ಎಲ್ಲಿವರೆಗೆ ಬಂತು

ನಮ್ಮೂರಿನ ಹೈಸ್ಕೂಲಿನ ಮಕ್ಕಳಿಗೆ ಕಲ್ಲುಗಳ ಬಗ್ಗೆ ಕಲಿಸಲು ಅಂತ ಮಾಡುತ್ತಿರುವ ಕಲ್ಲಿನ ಪೆಟ್ಟಿಗೆ ಈಗ ಒಂದು ಹಂತಕ್ಕೆ ಬಂದಿದೆ. ಹಳೆಯ ಮರದ ಪೆಟ್ಟಿಗೆಯೊಳಗೆ ಪ್ಲೈವುಡ್ ತುಂಡು ಅಡ್ಡ ಕೊಟ್ಟು ಮನೆ ಮನೆ ಮಾಡಿದ್ದಾಗಿದೆ. ಇದಕ್ಕೆ ನಾನು ಹಾಕಿಕೊಂಡ ಕಟ್ಟುಪಾಡು ಒಂದೇ: ಮಕ್ಕಳು ಓಡಾಡುವ ಕಡೆ ಸಿಗುವ ಕಲ್ಲೇ ಇದರಲ್ಲಿ ಇರಬೇಕು. ಅಂಗಡಿಯ ಸ್ಯಾಂಪಲ್ ಡಬ್ಬಿಯಲ್ಲಿರುವ ಚೂರು ಯಾವ ಊರಿನದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಂಥ ಜಿಲ್ಲೆಯಲ್ಲಿದ್ದುಕೊಂಡು ಹಾಗೆ ಕಲಿಸುವುದು ಬೇಡ ಅಂತ ನನ್ನ ಹಟ.

ಮೊದಲ ಮನೆಗೆ ಜಲ್ಲಿ. ಮನೆ ಕಟ್ಟುವವರು ರಸ್ತೆ ಪಕ್ಕ ಸುರಿದಿರುತ್ತಾರಲ್ಲ, ಅದೇ. ಮೇಸ್ತ್ರಿಯನ್ನು ಕೇಳಿ ದಪ್ಪ ಜಲ್ಲಿಯಲ್ಲಿ ಆರಿಸಿಕೊಂಡೆ. ತೊಳೆದು ಬಿಸಿಲಿಗೆ ಹಿಡಿದರೆ ಬಿಳಿ, ಬೂದು, ಕಪ್ಪು ಪಟ್ಟೆಗಳು ಕಾಣುತ್ತವೆ. ಬಿಳಿ ಭಾಗದಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್. ಕಪ್ಪು ಗೆರೆಯಲ್ಲಿ ಮಿಣಮಿಣ ಅನ್ನುವುದು ಕಾಗೆಬಂಗಾರ. ಇದರ ಹೆಸರು ನೈಸ್. ನೆಲದಾಳದಲ್ಲಿ ಕಾವು, ಒತ್ತಡ ಎರಡೂ ಬಿದ್ದು ಖನಿಜಗಳು ಪಟ್ಟೆಪಟ್ಟೆಯಾಗಿ ಕೂತ ರೂಪಾಂತರ ಶಿಲೆ. ಗೊರೂರು ಕಡೆಯ ನೈಸ್‌ನ ವಯಸ್ಸು ಸುಮಾರು 330 ಕೋಟಿ ವರ್ಷ ಅಂತ ಅಳೆದಿದ್ದಾರೆ.

330 ಕೋಟಿ ಅಂತ ಬೋರ್ಡ್ ಮೇಲೆ ಬರೆದರೆ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ಅದಕ್ಕೆ ಪೆಟ್ಟಿಗೆಯ ಜೊತೆಗೇ ಒಂದು ನೈಲಾನ್ ಹಗ್ಗ ಇಟ್ಟಿದ್ದೇನೆ. 1 ಮೀಟರ್ ಅಂದರೆ 10 ಕೋಟಿ ವರ್ಷ. ಭೂಮಿಗೆ ಸುಮಾರು 454 ಕೋಟಿ ವರ್ಷ, ಹಾಗಾಗಿ ಹಗ್ಗ 45 ಮೀಟರಿಗೆ ಸ್ವಲ್ಪ ಜಾಸ್ತಿ. ಶಾಲೆಯ ಕಾಂಪೌಂಡಿನ ಉದ್ದಕ್ಕೂ ಎಳೆದು, ಇವತ್ತಿನ ತುದಿಯಿಂದ 33 ಮೀಟರಿಗೆ ಕೆಂಪು ಬಟ್ಟೆ ಕಟ್ಟಿದೆವು. ಅದು ಜಲ್ಲಿ. ಡೈನೊಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ, ಅಂದರೆ ಈ ತುದಿಯಿಂದ ಬರೀ 66 ಸೆಂಟಿಮೀಟರ್. ನಮ್ಮಂಥ ಮನುಷ್ಯರಿಗೆ ಸುಮಾರು 3 ಲಕ್ಷ ವರ್ಷ, ಅದು 3 ಮಿಲಿಮೀಟರ್. ಒಬ್ಬ ಹುಡುಗ "ಅಕ್ಕಾ, ಗೊಮ್ಮಟೇಶ್ವರ ಎಲ್ಲಿ ಬರ್ತಾನೆ?" ಅಂದ. ಸಾವಿರ ವರ್ಷ ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲು. ಲೆಕ್ಕ ಅವನೇ ಮಾಡಿದ.

ಎರಡನೇ ಮನೆಗೆ ಬಳಪದ ಕಲ್ಲು. ವಿಗ್ರಹ ಕೆತ್ತುವ ಶಿಲ್ಪಿಯೊಬ್ಬರ ಹತ್ತಿರ ಉಳಿದಿದ್ದ ಚೂರು ಕೇಳಿ ತಂದದ್ದು. ದೇವಸ್ಥಾನದ ಸುತ್ತಮುತ್ತ ಬಿದ್ದ ಚೂರನ್ನು ಮುಟ್ಟಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿದ್ದೇನೆ. ಬಳಪದ ಕಲ್ಲು ಮುಟ್ಟಿದರೆ ಜಾರುವ ಹಾಗಿರುತ್ತದೆ, ಕಬ್ಬಿಣದ ಮೊಳೆಯಿಂದ ಗೀರಿದರೆ ಬೆಳ್ಳಗಿನ ಪುಡಿ ಏಳುತ್ತದೆ. ಅದೇ ಮೊಳೆಯನ್ನು ಬೆಣಚುಕಲ್ಲಿನ ಮೇಲೆ ಎಳೆದರೆ ಕಲ್ಲಿಗೆ ಏನೂ ಆಗುವುದಿಲ್ಲ, ಮೊಳೆಯೇ ಸವೆದು ಬೂದು ಗೆರೆ ಬಿಡುತ್ತದೆ. ಮೋಸ್ ಗಡಸುತನದ ಪಟ್ಟಿಯಲ್ಲಿ (ಅಂಕಿ ಹೆಚ್ಚಿದಷ್ಟೂ ಗಟ್ಟಿ) ಟಾಲ್ಕ್ 1, ಬೆಣಚು 7. ಬಳಪದ ಕಲ್ಲಿನಲ್ಲಿ ಟಾಲ್ಕ್, ಕ್ಲೋರೈಟ್‌ನಂಥ ಮೆತ್ತನೆ ಖನಿಜ ಜಾಸ್ತಿ. 1117ರ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಳೆ, ಸರ, ಗೆಜ್ಜೆಯನ್ನೆಲ್ಲ ಬಿಡಿಬಿಡಿಯಾಗಿ ಬಿಡಿಸಲು ಆಗಿದ್ದು ಈ ಕಲ್ಲಿನಿಂದ. ಶ್ರವಣಬೆಳಗೊಳದ್ದು ಗಟ್ಟಿ ಗ್ರಾನೈಟ್. ಅಲ್ಲಿ ಅಷ್ಟು ಸಣ್ಣ ಕುಸುರಿ ಇಲ್ಲ, ನುಣುಪಾದ ದೊಡ್ಡ ಮೈ ಇದೆ. ಶಿಲ್ಪಿ ಏನು ಮಾಡಬಹುದು ಅನ್ನುವುದರಲ್ಲಿ ಕಲ್ಲಿನ ಮಾತೂ ನಡೆದಿದೆ ಅಲ್ವಾ? ಈ ಮನೆ ನನಗೆ ಎಲ್ಲಕ್ಕಿಂತ ಇಷ್ಟ.

ಮೂರನೆಯದು ಬಾಬಾಬುಡನ್ ಗಿರಿ ಕಡೆಯ ಕಬ್ಬಿಣದ ಕಲ್ಲು. ಚಿಕ್ಕಮಗಳೂರಿನ ಪರಿಚಯದವರು ತೋಟದ ದಾರಿ ಸರಿಮಾಡುವಾಗ ಎದ್ದ ತುಂಡನ್ನು ಕೊಟ್ಟರು. ಅಂಗೈಯಷ್ಟಿದ್ದರೂ ಭಾರ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರದಲ್ಲಿ ತೂಗುಬಿಟ್ಟು ಹತ್ತಿರ ತಂದರೆ ಕಪ್ಪು ಪದರದ ಕಡೆಗೆ ವಾಲುತ್ತದೆ, ಅದು ಮ್ಯಾಗ್ನೆಟೈಟ್. ಕೆಂಪು ಪದರವನ್ನು ಟೈಲ್ಸಿನ ಹಿಂಬದಿಗೆ ಉಜ್ಜಿದರೆ ಕೆಂಗಂದು ಗೆರೆ, ಅದು ಹೆಮಟೈಟ್. 250 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಕೂತು ಆದ ಪದರಗಳಿವು. 2005ರ ಕೊನೆಗೆ ಗಣಿ ನಿಂತ ಕುದುರೆಮುಖದಲ್ಲೂ ತೆಗೆಯುತ್ತಿದ್ದದ್ದು ಮ್ಯಾಗ್ನೆಟೈಟ್ ಅದಿರನ್ನೇ.

ತಲೆ ಕೆಡಿಸಿದ್ದು ಪದರು ಶಿಲೆ. ನಮ್ಮ ಕಡೆ ಪುಸ್ತಕದ ಚಿತ್ರದಂಥ ಮರಳುಗಲ್ಲು, ಸುಣ್ಣದಕಲ್ಲು ಹುಡುಕಿದರೆ ಸಿಗುವುದು ಕಷ್ಟ. ಹಿಂದೆ ಇದ್ದ ಕೆಸರು, ಮರಳಿನ ಪದರಗಳೂ ಕಾದು, ಒತ್ತಿ ರೂಪ ಬದಲಿಸಿಕೊಂಡಿವೆ. ಕೊನೆಗೆ ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಹಳೆ ಮನೆಗಳ ಕಟ್ಟೆಗೆ ಹಾಕಿರುವ ಕರಿ ಕಡಪ ಕಲ್ಲು, ನೆಲದ ಶಹಾಬಾದ್ ಕಲ್ಲು, ಎರಡೂ ಸುಣ್ಣದಕಲ್ಲೇ. ಒಂದು ಆಂಧ್ರದ್ದು, ಇನ್ನೊಂದು ಕಲಬುರಗಿ ಕಡೆಯದು. ಹೊರಗಿನಿಂದ ಬಂದರೂ ಇವು ಮಕ್ಕಳು ದಿನಾ ನೋಡುವ ಕಲ್ಲು, ಅದಕ್ಕೇ ಒಳಗೆ ಸೇರಿಸಿದೆ. ಒಡೆದ ತುಂಡನ್ನು ಗೀರಿ, ಆ ಪುಡಿಯ ಮೇಲೆ ನಿಂಬೆರಸ ಬಿಟ್ಟು ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ. ಹುಳಿ ತಾಗಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದು. ಒಬ್ಬಳು ತಕ್ಷಣ "ಅದಕ್ಕೇ ನಮ್ಮಮ್ಮ ಕಟ್ಟೆ ಮೇಲೆ ನಿಂಬೆಹಣ್ಣು ಹಿಂಡಿದ್ರೆ ಬೈಯೋದು, ಬಿಳಿ ಕಲೆ ಆಗತ್ತೆ" ಅಂದಳು. ಆ ಮಾತನ್ನು ಹಾಗೇ ಚೀಟಿ ಮೇಲೆ ಬರೆದು ಆ ಮನೆಗೆ ಅಂಟಿಸಿದ್ದೇನೆ.

ಒಂದು ಮನೆ ಇನ್ನೂ ಖಾಲಿ. ಅದಕ್ಕೆ ನಮ್ಮ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯ, ಅಂದರೆ ಆ ಕಡೆ ಉದ್ದಕ್ಕೆ ಹಬ್ಬಿರುವ ಹಳೆಯ ಕಲ್ಲಿನ ಸಾಲಿನ, ಕ್ರೋಮೈಟ್ ಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ಬೇಕಾಗುವ ಕ್ರೋಮಿಯಂ ಸಿಗುವ ಅದಿರು ಅದು. ಬೈರಾಪುರದಲ್ಲಿ ಅದರ ಗಣಿ ಇದೆ ಅಂತ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಸರಿಯಾಗಿ ಅನುಮತಿ ಕೇಳಿಯೇ ಒಂದು ಚೂರು ತರಬೇಕು, ಅರ್ಜಿ ಬರೆದಿಟ್ಟಿದ್ದೇನೆ. ಅಷ್ಟರೊಳಗೆ ಪೆಟ್ಟಿಗೆಗೆ ಒಂದು ಗಟ್ಟಿ ಹಿಡಿಕೆ ಹಾಕಿಸಬೇಕು. ಈಗಿರುವ ಭಾರಕ್ಕೇ ಎತ್ತಲು ಇಬ್ಬರು ಬೇಕು.