ಹೂಮಳೆ ತಪ್ಪಿದರೆ ನಷ್ಟ ಎಷ್ಟು?

ಮೂಡಿಗೆರೆ, ಸಕಲೇಶಪುರದ ಕಾಫಿಗೆ ಹವಾಮಾನ ಬದಲಾವಣೆಯಿಂದಾಗುವ ನಷ್ಟ ಲೆಕ್ಕ ಹಾಕುವವರು ದಯವಿಟ್ಟು ವರ್ಷದ ಒಟ್ಟು ಮಳೆಯನ್ನೇ ಹಿಡಿದು ಕೂರಬೇಡಿ. ರೊಬಸ್ಟಾ ತಳಿಯ ಕಾಫಿ ಫಸಲು ನಿಂತಿರುವುದು ಫೆಬ್ರವರಿ–ಮಾರ್ಚಿನ ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ ಮೇಲೆ. ಒಂದು ಇಂಚು, ಅಂದರೆ ಸುಮಾರು 25 ಮಿ.ಮೀ. ಬೀಳಬೇಕು; ಎರಡು-ಮೂರು ವಾರ ಕಳೆದು ಕಾಯಿ ನಿಲ್ಲಲು ಇನ್ನೊಂದು ಮಳೆ, ಅಂದರೆ ಬ್ಯಾಕಿಂಗ್ ಮಳೆ ಬೇಕು. ಬರೀ 20 ಸೆಂಟ್ಸ್ (ಇಂಚಿನ ಐದನೇ ಒಂದು ಭಾಗ, ಸುಮಾರು 5 ಮಿ.ಮೀ.) ಉದುರಿ ನಿಂತರೆ ಮೊಗ್ಗು ಸರಿಯಾಗಿ ಅರಳದೆ ಕರಟುತ್ತದೆ. ಹಾಗಾಗಿ ತೋಟದ ಮಳೆಪುಸ್ತಕದ ದಿನವಾರು ಅಂಕಿಗಳನ್ನೇ ನಷ್ಟ ಲೆಕ್ಕ ಹಾಕುವ ಮಾದರಿಗೆ ಕೊಡಿ.

ಇನ್ನೊಂದು ತಳಿಯಾದ ಅರೇಬಿಕಾ ಒಂದು ವರ್ಷ ಜಗ್ಗಿ ಫಸಲು ಬಿಟ್ಟರೆ ಮರುವರ್ಷ ಸೊರಗುತ್ತದೆ. ಹಿಂದಿನ ವರ್ಷದ ಇಳುವರಿ ಸೇರಿಸದಿದ್ದರೆ ಗಿಡದ ದಣಿವೂ ಹವಾಮಾನದ ಖಾತೆಗೆ ಬೀಳುತ್ತದೆ. ಸ್ಪ್ರಿಂಕ್ಲರ್ ಇರುವ ತೋಟಗಳನ್ನು ಬೇರೆಯಾಗಿಯೇ ಅಂದಾಜಿಸಿ: ಅಲ್ಲಿ ಇಳುವರಿ ಉಳಿದರೂ ನಷ್ಟ ಡೀಸೆಲ್ ಖರ್ಚಿನಲ್ಲಿ ಅಡಗಿರುತ್ತದೆ.

ಲೆಕ್ಕದಲ್ಲಿ ಕಾಫಿ ದರವನ್ನು ಎಲ್ಲ ವರ್ಷಕ್ಕೂ ಸ್ಥಿರವಾಗಿಡಿ. 2021ರ ಜುಲೈನಲ್ಲಿ ಬ್ರೆಜಿಲ್ ತೋಟಗಳು ಹಿಮಕ್ಕೆ ಸುಟ್ಟು ದರ ಏರಿತು. ಅಂಥ ವರ್ಷ ಇಲ್ಲಿನ ಫಸಲು ನಷ್ಟ ರೂಪಾಯಿ ಲೆಕ್ಕದಲ್ಲಿ ಕಾಣುವುದೇ ಇಲ್ಲ.