ಅಮೆರಿಕದ ಆರೋಗ್ಯ ವಿಮೆ: ಕಾರಣ ಇದ್ದರೆ ಸಾಲದು, ತಾರೀಖೂ ಕೂಡಿ ಬರಬೇಕು

ಊರಿನಲ್ಲಿ ಆರೋಗ್ಯ ವಿಮೆ ಬೇಕೆನಿಸಿದರೆ ಯಾವ ತಿಂಗಳಾದರೂ ಏಜೆಂಟರಿಗೆ ಫೋನ್ ಮಾಡಬಹುದು. ಅಮೆರಿಕದಲ್ಲಿ ಕೈಯಲ್ಲಿ ದುಡ್ಡಿದ್ದರೂ ಬೇಕೆಂದಾಗ ಸಿಗದ ವಸ್ತು ಇದು. ಒಬಾಮಾಕೇರ್ ಎಂದು ಹೆಸರಾದ 2010ರ ಕಾಯ್ದೆಯ ಪ್ರಕಾರ, ಮೊದಲೇ ಕಾಯಿಲೆಯಿದೆ ಎಂದು ವಿಮೆ ಕಂಪನಿಗಳು ಯಾರನ್ನೂ ದೂರ ಇಡುವಂತಿಲ್ಲ. ಹಾಗೆಂದು ಹಾಸಿಗೆ ಹಿಡಿದ ಮೇಲೆ ಎಲ್ಲರೂ ವಿಮೆಗೆ ಓಡಿ ಬಂದರೆ ಲೆಕ್ಕ ನಿಲ್ಲುವುದಿಲ್ಲವಲ್ಲ! ಅದಕ್ಕೇ ವರ್ಷಕ್ಕೊಂದು ನೋಂದಣಿ ಅವಧಿ. ಜನ ತಾವೇ ನೇರವಾಗಿ ವಿಮೆ ಕೊಳ್ಳುವ ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ ಅದು ನವೆಂಬರ್ 1ಕ್ಕೆ ಶುರುವಾಗಿ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ನೌಕರಿಯ ಮೂಲಕ ವಿಮೆ ಪಡೆಯುವವರಿಗೆ ಕಂಪನಿ ಗೊತ್ತುಮಾಡಿದ ದಿನಗಳು.

ನಡುವೆ ಸೇರಲು ಮದುವೆ, ಹೆರಿಗೆ, ದತ್ತು, ಇದ್ದ ವಿಮೆ ಕೈತಪ್ಪುವುದು, ಇಂಥ ಯಾವುದಾದರೂ ಘಟನೆ ನಡೆದಿರಬೇಕು. ಕಾನೂನು ಕೊಡುವ ಗಡುವು ಕಂಪನಿ ವಿಮೆಗೆ ಸಾಮಾನ್ಯವಾಗಿ ಕನಿಷ್ಠ 30 ದಿನ, ಮಾರ್ಕೆಟ್‌ಪ್ಲೇಸ್‌ಗೆ 60.

ನಮ್ಮವರು ಹೆಚ್ಚು ಎಡವುವುದು ಮದುವೆಯ ವಿಷಯದಲ್ಲಿ. ಹುಡುಗ ರಜೆ ಹಾಕಿ ಬಂದು ಮೈಸೂರಿನಲ್ಲಿ ತಾಳಿ ಕಟ್ಟುತ್ತಾನೆ, ಒಬ್ಬನೇ ಹಿಂದಿರುಗುತ್ತಾನೆ. ಹುಡುಗಿಯ ವೀಸಾ ಬರುವಷ್ಟರಲ್ಲಿ ತಿಂಗಳುಗಳು ಉರುಳಿರುತ್ತವೆ. ಆದರೆ ಆ 30 ದಿನಗಳ ಎಣಿಕೆ ಮದುವೆಯ ದಿನದಿಂದ, ಅವಳು ವಿಮಾನ ಇಳಿದ ದಿನದಿಂದಲ್ಲ. ಸಂಗಾತಿ ಬಂದಿಳಿದುದನ್ನೂ ಹೊಸ ಘಟನೆಯೆಂದು ಒಪ್ಪುವ ಕಂಪನಿಗಳಿವೆ, ಒಪ್ಪದವೂ ಇವೆ. ಮಾರ್ಕೆಟ್‌ಪ್ಲೇಸ್ ಮಾತ್ರ ವಿದೇಶದಿಂದ ಬಂದು ನೆಲೆಸುವವರಿಗೆ 60 ದಿನ ಕೊಡುತ್ತದೆ. ಛತ್ರ ಗೊತ್ತುಮಾಡುವ ಹೊತ್ತಿಗೇ ಎಚ್‌ಆರ್‌ಗೆ ಬರೆದು ಕೇಳಿಬಿಡಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರವನ್ನೂ ಕೂಡಲೇ ಮಾಡಿಸಿ. ಲಗ್ನಪತ್ರಿಕೆ, ಫೋಟೋ ಆಲ್ಬಮ್ ನೋಡಿ ಇಲ್ಲಿ ಯಾರೂ ಕರಗುವುದಿಲ್ಲ.

ಮಗುವಿನ ವಿಷಯದಲ್ಲಿ ಕಾನೂನು ಉದಾರಿ. ಗಡುವಿನೊಳಗೆ ಸೇರಿಸಿದರೆ ಮಗು ಹುಟ್ಟಿದ ದಿನದಿಂದಲೇ ವಿಮೆ ಜಾರಿ, ಅಂದರೆ ಹಿಂದಿನ ಆಸ್ಪತ್ರೆ ಬಿಲ್ಲುಗಳೂ ಅದರಡಿ ಬರುತ್ತವೆ. ಸರ್ಕಾರಿ ಗುರುತು ಸಂಖ್ಯೆಯಿರುವ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಅಂಚೆಯಲ್ಲಿ ಬರಲೆಂದು ಕಾಯುತ್ತಾ ಗಡುವು ಕಳೆದುಕೊಳ್ಳಬೇಡಿ. ಸಂಖ್ಯೆಯನ್ನು ಆಮೇಲೆ ಕೊಡಬಹುದು. ವಿಚಿತ್ರವೆಂದರೆ ಹೆರಿಗೆ ಕಾರಣವಾಗುತ್ತದೆ, ಗರ್ಭಿಣಿಯಾಗಿರುವುದು ಹೆಚ್ಚಿನ ರಾಜ್ಯಗಳಲ್ಲಿ ಆಗುವುದಿಲ್ಲ. ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳಿಗಷ್ಟೇ ಆ ವಿವೇಕವಿದೆ.

ಕೆಲಸ ಹೋದವರ ಪಾಡು ಬೇರೆ. ಎಚ್1ಬಿ ಎಂಬ ನೌಕರಿ ವೀಸಾದವರಿಗೆ ಹೊಸ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಆ ಆತಂಕದಲ್ಲಿ ವಿಮೆಯ 60 ದಿನ ಯಾರಿಗೆ ನೆನಪಿರುತ್ತದೆ? 20 ಅಥವಾ ಹೆಚ್ಚು ನೌಕರರಿದ್ದ ಕಂಪನಿಯಾದರೆ ಕೋಬ್ರಾ ಎಂಬ ಕಾನೂನಿನಡಿ ಹಳೆಯ ವಿಮೆಯನ್ನೇ ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಕಂಪನಿ ಕಟ್ಟುತ್ತಿದ್ದ ಪಾಲೂ ಆಗ ನಿಮ್ಮ ತಲೆಗೇ. ಒಟ್ಟು ಪ್ರೀಮಿಯಂನ 102 ಪ್ರತಿಶತದವರೆಗೆ ಕೇಳುತ್ತಾರೆ. ಹೆಸರಿಗೆ ತಕ್ಕ ವಿಷ! ದುಬಾರಿಯಾಯಿತೆಂದು ಗಡುವು ದಾಟಿದ ಮೇಲೆ ನಡುವರ್ಷದಲ್ಲಿ ಕೋಬ್ರಾ ಬಿಟ್ಟರೆ ಮಾರ್ಕೆಟ್‌ಪ್ಲೇಸ್ ಸೇರಿಸಿಕೊಳ್ಳುವುದಿಲ್ಲ; ತಾನಾಗಿ ಬಿಟ್ಟದ್ದು, ಕಂತು ಕಟ್ಟದೆ ಹೋದದ್ದು ವಿಮೆ ಕೈತಪ್ಪಿದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಎರಡರ ಬೆಲೆಯನ್ನೂ ಮೊದಲೇ ತೂಗಿ ನೋಡಿ. ವಿಮೆ ಮುಗಿಯುವ ತಾರೀಖು ತಿಳಿದಿದ್ದರೆ 60 ದಿನ ಮುಂಚೆಯೇ ಅರ್ಜಿ ಹಾಕಬಹುದು.

ಇನ್ನು ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರು. ಪ್ರವಾಸಿ ವೀಸಾದಲ್ಲಿ ಬರುವವರಿಗೆ ಈ ನಿಯಮ ಯಾವುದೂ ಅನ್ವಯಿಸದು. ಪ್ರವಾಸ ವಿಮೆಯೇ ಗತಿ, ಅದರಲ್ಲಿ ಹಳೆಯ ಸಕ್ಕರೆ ಕಾಯಿಲೆ, ಬಿಪಿಗೆ ಏನು ಸಿಗುತ್ತದೆಂದು ಓದಿಯೇ ಕೊಳ್ಳಿ. ಕಾಯಂ ವಾಸದ ಗ್ರೀನ್ ಕಾರ್ಡ್ ಮೇಲೆ ಬಂದರೆ 65 ದಾಟಿದವರಿಗೂ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ತಕ್ಷಣ ಸಿಗುವುದಿಲ್ಲ. ಸಾಮಾನ್ಯವಾಗಿ ಇಲ್ಲಿ ಸತತ 5 ವರ್ಷ ವಾಸವಿದ್ದಿರಬೇಕು. ಅಲ್ಲಿಯವರೆಗೆ ಮಾರ್ಕೆಟ್‌ಪ್ಲೇಸ್ ವಿಮೆ ಕೊಳ್ಳಬಹುದು, ಬಂದ 60 ದಿನಗಳೊಳಗೆ. ಜೆಟ್ ಲ್ಯಾಗ್ ಇಳಿದ ವಾರವೇ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಆ ಅರ್ಜಿ ತುಂಬಿಸಿ.